ಸೂಜಿಗಲ್ಲಿನ ಮುಂದೆ ಉರುಳಿದ ಕಾಳು

ಮಕ್ಕಳೇ, ಕಾಡಿನ ಅಂಚಿನ ಕೆಂಗುಡ್ಡದ ಬುಡದಲ್ಲಿ ಇರುವೆಗಳ ಗೂಡೊಂದಿತ್ತು. ಮಳೆಗಾಲಕ್ಕೆ ಉಗ್ರಾಣ ತುಂಬಿಸುವ ಹೊಣೆ ದೇವೀರಿ ಎಂಬ ಇರುವೆಯದು. ಗೂಡಿನ ಮರಿಗಳೆಂದರೆ ಅವಳಿಗೆ ಪ್ರಾಣ. ಆದರೆ ಏನು ಮಾಡೋಣ, ಕಾಲಿಗೆ ಚಕ್ರ ಕಟ್ಟಿಕೊಂಡವಳು, ಎಲ್ಲದಕ್ಕೂ ಅವಸರ.

ಆ ವರ್ಷ ಕಾಡು ಹೆಸರುಕಾಳಿಗೆ ಹುಳ ಬಿದ್ದಿತ್ತು. ಹೊರಗಿನಿಂದ ನೋಡಿದರೆ ಒಳ್ಳೇ ಕಾಳೂ ಹುಳುಕು ಕಾಳೂ ಒಂದೇ ಬಣ್ಣ, ಒಂದೇ ಗಾತ್ರ. ಹುಳುಕು ಮಾತ್ರ ಒಳಗೆ ಟೊಳ್ಳು, ಹಗುರ. ಅಂಥ ನಾಲ್ಕು ಕಾಳು ಉಗ್ರಾಣ ಸೇರಿದರೆ ಸಾಕು, ಹುಳ ಎಲ್ಲದಕ್ಕೂ ಹಬ್ಬುತ್ತದೆ.

ಇದಕ್ಕೆ ಗೂಡಿನವರದೊಂದು ಹಳೇ ಪದ್ಧತಿ. ಇಳಿಜಾರಿನ ಪಕ್ಕ ಕಬ್ಬಿಣವನ್ನು ಎಳೆಯುವ ಸೂಜಿಗಲ್ಲಿತ್ತು. ಪ್ರತಿ ಕಾಳಿಗೂ ಕಬ್ಬಿಣದ ಕರಿಪುಡಿಯನ್ನು ಒಂದೇ ಸಮ ಮೆತ್ತಿ, ಒಂದೇ ಎತ್ತರದಿಂದ ಉರುಳಿಸುವುದು. ಕಲ್ಲು ಎಲ್ಲವನ್ನೂ ಒಂದೇ ಬಲದಿಂದ ಎಳೆದರೂ ಹಗುರ ಕಾಳು ಕಲ್ಲಿನ ಕಡೆಗೆ ಹೆಚ್ಚು ಬಾಗಿ ಅದರ ಹತ್ತಿರದ ಗುಂಡಿಗೆ ಬೀಳುತ್ತದೆ. ಭಾರದ ಕಾಳು ಚೂರೇ ಬಾಗಿ ಆಚೆ ಗುಂಡಿಗೆ ಹೋಗುತ್ತದೆ. ಒಂದು ಬಿದ್ದ ಮೇಲೇ ಇನ್ನೊಂದನ್ನು ಬಿಡಬೇಕು.

ಪಡುವಣದಲ್ಲಿ ಮೋಡ ಕಂಡದ್ದೇ ತಡ, ದೇವೀರಿ ಇಳಿಜಾರಿಗೆ ಓಡಿ ಬಂದಳು. "ಒಂದೊಂದೇ ಬಿಡ್ತಾ ಕೂತರೆ ಮಳೆ ಬಂದುಬಿಡುತ್ತೆ. ರಾಶಿ ರಾಶಿಯಾಗಿ ಸುರೀರಿ," ಎಂದಳು ಜೊತೆಯ ಇರುವೆಗಳಿಗೆ.

ಪಕ್ಕದ ಮನೆಯ ಸಗಣಿಹುಳ ತಿಪ್ಪಣ್ಣ ತಡೆದ. "ಬೇಡ ತಂಗೀ. ಉರುಳಿಸೋದೇ ನನ್ನ ಕಸುಬು. ಒಟ್ಟಿಗೆ ಬಿಟ್ಟರೆ ಒಂದಕ್ಕೊಂದು ಬಡಿದು ದಾರಿ ತಪ್ಪುತ್ತವೆ."

"ನಿನಗೇನಣ್ಣಾ, ಒಂದು ಉಂಡೆಯಾದರೆ ಆಯಿತು. ನನಗೆ ಗೂಡು ತುಂಬ ಮಕ್ಕಳು," ಎಂದಳು ದೇವೀರಿ.

ಸುರಿದರು. ಹಗುರ ಕಾಳಿಗೆ ಭಾರದ್ದು ಡಿಕ್ಕಿ ಹೊಡೆದು, ಎರಡೂ ಬೆರೆತು ಆಚೆ ಗುಂಡಿಯಲ್ಲಿ ತುಂಬಿಕೊಂಡವು. ದೇವೀರಿ ಹಿಗ್ಗಿ ಎಲ್ಲವನ್ನೂ ಉಗ್ರಾಣಕ್ಕೆ ಸಾಗಿಸಿ ಬಾಗಿಲಿಗೆ ಮಣ್ಣು ಮೆತ್ತಿಸಿದಳು. ಮಳೆ ಹಿಡಿಯಿತು.

ಹಸಿದು ಬಾಗಿಲು ಒಡೆದಾಗ ಒಳಗೆ ಬರೀ ಸಿಪ್ಪೆ, ಕಹಿ ಪುಡಿ. ಹೊರಗೆ ಹೋಗೋಣವೆಂದರೆ ಗೂಡಿನ ಸುತ್ತ ನೀರು.

"ದೊಡ್ಡವ್ವಾ, ಹಸಿವು," ಎಂದಿತು ಒಂದು ಮರಿ.

ದೇವೀರಿ ಒಂದಾದರೂ ಗಟ್ಟಿ ಕಾಳು ಸಿಕ್ಕೀತೆಂದು ಸಿಪ್ಪೆಯನ್ನು ಕೆದಕಿದಳು, ಮತ್ತೆ ಮತ್ತೆ ಕೆದಕಿದಳು. "ತಾಳು ಕಂದಾ, ಹುಡುಕ್ತಿದ್ದೀನಿ," ಎಂದಳು.

ಮರಿ ಪಾಪ, ತಾಳಿತು. ಮಳೆ ನಿಲ್ಲುವವರೆಗೆ ತಾಳಲು ಅದರ ಕೈಲಿ ಆಗಲಿಲ್ಲ.

ನೀತಿ: ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವಾಗ ಅವಸರ ಸಲ್ಲದು, ಬೆರೆತ ಮೇಲೆ ಅತ್ತರೂ ಬೇರೆಯಾಗದು.