ಅಪ್ಪನ ಸಹಿಗೆ ಹಸಿರು ಬಳೆ

ನನ್ನ ಅಕ್ಕ ರೋಹಿಣಿಗೆ ಕಾಲೇಜಿನವರ ಜೊತೆ ಹಡಗಿನಲ್ಲಿ ಹೊರದೇಶಕ್ಕೆ ಓದಲು ಹೋಗುವ ಅವಕಾಶ ಸಿಕ್ಕಿತು. ಹಡಗು ಹೊರಡಲು ಹದಿನೈದೇ ದಿನ ಉಂಟು, ಪಾಸ್‌ಪೋರ್ಟ್ ಇಲ್ಲ. ಹದಿನೆಂಟು ತುಂಬದವಳಿಗೆ ಅಪ್ಪನ ಸಹಿ ಬೇಕಂತೆ. ಮೀನಿಗೆ ಹೋದ ಅಪ್ಪನ ದೋಣಿ ಆರು ವರ್ಷವಾದರೂ ಬಂದಿಲ್ಲ.

"ಹೆಣ ಸಿಕ್ಕಿಲ್ಲ, ಮರಣಪತ್ರ ಇಲ್ಲ. ಅಂದಮೇಲೆ ಕಾಗದದಲ್ಲಿ ಬದುಕಿದ್ದಾನೆ. ಕರ್ಕೊಂಡು ಬಾ," ಎಂದರು ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತರು, ನಾಲ್ಕನೇ ಸಲ.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮರುದಿನ ಒಂದು ಬಿಳಿ ಹಾಳೆ, ಗೆಳೆಯನ ಅಂಗಡಿಯಿಂದ ಎರವಲು ತಂದ ಒಂದು ಡಜನ್ ಹಸಿರು ಬಳೆ ಅವರ ಮೇಜಿನ ಮೇಲಿಟ್ಟೆ.

"ಇದೆಂಥದು ಮಾರಾಯ?"

"ಅಪ್ಪ ಬದುಕಿದ್ದಾನೆ ಅಂತ ಬರೆದು ಸೀಲು ಹೊಡೀರಿ ಸಾರ್. ಅಮ್ಮ ಬಳೆ ಒಡೆದು ಆರು ವರ್ಷ ಆಯ್ತು. ನೀವೇ ಮನೆಗೆ ಬಂದು ಓದಿ ಹೇಳಿ, ಇವತ್ತೇ ತೊಡ್ತಾಳೆ."

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತರು ನಗಲಿಲ್ಲ. ಬಳೆಗಳನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ತಂದೆಯ ಪತ್ತೆಯಿಲ್ಲ, ತಾಯಿಯ ಸಹಿ ಸಾಕು" ಎಂದು ಅರ್ಜಿಯಲ್ಲಿ ಬರೆದರು.

ಅಕ್ಕ ಹಡಗು ಹತ್ತಿದಳು. ಅಂಗಡಿಗೆ ವಾಪಸ್ ಕೊಡಲು, ಮನೆಯಲ್ಲಿ ತಂದಿಟ್ಟಿದ್ದ ಬಳೆ ಹುಡುಕಿದರೆ, ಅಮ್ಮನ ಸೀರೆ ಪೆಟ್ಟಿಗೆಯಲ್ಲಿದ್ದವು.

"ಪತ್ತೆಯಿಲ್ಲ ಅಂತಷ್ಟೇ ಅಲ್ವಾ ಮಗಾ ಅವರು ಬರೆದದ್ದು?" ಎಂದಳು ಅಮ್ಮ. "ಇರಲಿ ಬಿಡು."