ದೇವೀರಿ ಮೇಯಿಸಿದ ಹುಳ

ಒಂದಾನೊಂದು ಕಾಲ, ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ದ ಕಾಲಕ್ಕೂ ಹಿಂದೆ, ದೇವೀರಿ ಅಂತ ಒಬ್ಳು ಸೊಸೆ ಇದ್ಳಂತೆ. ಸರಿಯಾಗಿ ಹೊದ್ಕೋ ಮಗಾ. ಮದುವೆಯಾದ ವರ್ಷವೇ ಗಂಡ ತೀರ್ಕೊಂಡ, ಮನೇಲಿ ಉಳಿದೋರು ಅವಳು, ಅವಳ ಅತ್ತೆ ಸಾಕವ್ವ, ಇಬ್ರೇ. ಸಾಕವ್ವ ಹೇಳಿದ್ಳಂತೆ, ನೋಡವ್ವ, ರೇಷ್ಮೆ ಹುಳ ಮೇಯಿಸಿ ಗೂಡು ಕಟ್ಟಿಸಿದ್ರೆ ಇಲ್ಲಿರು, ಕೈಲಾಗದಿದ್ರೆ ನಿನ್ನ ದಾರಿ ನೋಡ್ಕೋ ಅಂತ. ದೇವೀರಿಗೆ ತವರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಎಲ್ಲಿಗೆ ಹೋದಾಳು?

ಮೊದಲನೇ ಬೆಳೆ, ಮೊಟ್ಟೆ ಒಡೆದು ಕೂದಲೆಳೆಯಂಥ ಮರಿ ಬಂದ್ವು, ಹಿಪ್ಪುನೇರಳೆ ಚಿಗುರು ಸಣ್ಣಗೆ ಹೆಚ್ಚಿ ಹಾಕಿದ್ಳು, ಆಮೇಲೆ ಬೆಳಗಾಗಿ ನೋಡಿದ್ರೆ ತಟ್ಟೆ ತುಂಬ ಇರುವೆ, ಒಂದು ಹುಳವೂ ಉಳಿದಿರಲಿಲ್ವಂತೆ. ಎರಡನೇ ಬೆಳೆ, ಹುಳ ಬೆರಳುದ್ದ ಆದ್ವು, ಆಮೇಲೆ ಸುಣ್ಣಕಟ್ಟು ರೋಗ ಬಂದು ಬಳಪದ ಕಡ್ಡಿ ಥರ ಬೆಳ್ಳಗೆ, ಗಟ್ಟಿಯಾಗಿ ಸತ್ವಂತೆ. ಮಂಕರಿಯಲ್ಲಿ ಹೊತ್ಕೊಂಡೋಗಿ ಹೂತು ಬಂದ್ಳು.

ಮೂರನೇ ಬೆಳೆಗೆ ಊಟ ನಿದ್ದೆ ಬಿಟ್ಳು. ಹುಳ ನಾಲ್ಕು ಸಲ ಜ್ವರಕ್ಕೆ ಕೂತ್ವು, ಅಂದ್ರೆ ಮೇವು ಬಿಟ್ಟು, ತಲೆ ಎತ್ಕೊಂಡು ಅಲ್ಲಾಡದೆ ಇದ್ದು, ಪೊರೆ ಕಳಚಿ ಎದ್ವು. ಆಮೇಲೆ ಮೇವು ಸಾಕಾಗಿ ಮೈ ಹಣ್ಣಾಯ್ತು, ಹಳದಿಗೆ ತಿರುಗ್ತು, ಗೂಡು ಕಟ್ಟೋಕೆ ಅಂತ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆಗೆ ಬಿಟ್ಳು, ತಲೆ ಆಡಿಸ್ತಾ ಆಡಿಸ್ತಾ ಬಾಯಿಂದ ಒಂದೇ ಎಳೆ ತೆಗೆದು ಮೈಗೆಲ್ಲ ಸುತ್ಕೊಂಡು ಗೂಡು ಕಟ್ಟಿದ್ವಂತೆ. ದೇವೀರಿ ನಕ್ಕಿದ್ದು ಆವತ್ತೇ.

ಆಗ ಸಾಕವ್ವ ಕೊತಕೊತ ನೀರು ಕುದಿಸಿ, ಗೂಡು ಹಾಕು ಅಂದ್ಳು. ಅತ್ತೆ, ಒಳಗೆ ಜೀವ ಅದೆಯಲ್ಲ! ಅಂದ್ಳು ದೇವೀರಿ. ಅದಕ್ಕೇ ಹಾಕು ಅನ್ನೋದು, ಚಿಟ್ಟೆಯಾಗಿ ಗೂಡು ತೂತು ಮಾಡಿದ್ರೆ ಎಳೆ ತುಂಡಾಗ್ತದೆ, ಅಂದ್ಳು ಅತ್ತೆ. ದೇವೀರಿ ಅಳ್ತಾ ಹಾಕಿದ್ಳು. ಹೊಂಬಣ್ಣದ ನೂಲು ಬರ್ತಾನೇ ಇತ್ತು, ಬಿಚ್ಚಿ ಮುಗಿದ್ರೆ ಒಳಗೆ ಬೆಂದ ಹುಳ. ತನ್ನ ಕೈ ನೋಡ್ಕೊಂಡ್ಳಂತೆ. ಮೇವು ಹಾಕಿದ್ದೂ ಇದೇ ಕೈ.

ಒಂದು ಬೊಗಸೆ ಗೂಡು ಮಾತ್ರ ಬಚ್ಚಿಟ್ಟಿದ್ಳು, ಇವಾದ್ರೂ ಹಾರಿಹೋಗ್ಲಿ ಅಂತ. ಆಮೇಲೆ ಬಿಳಿ ಚಿಟ್ಟೆ ಹೊರಗೆ ಬಂದ್ವು, ಅಂಗಳಕ್ಕೆ ತಂದು, ಹೋಗ್ರವ್ವ ಅಂದ್ಳು. ರೆಕ್ಕೆ ಪಟಪಟ ಬಡಿದ್ವೇ ಹೊರತು ಹಾರಲಿಲ್ಲ. ಸೊಪ್ಪು ಇಟ್ಳು, ಮುಟ್ಟಲಿಲ್ಲ. ಅಲ್ಲಲ್ಲೇ ಸುತ್ತಿ, ಮೊಟ್ಟೆ ಇಟ್ಟು, ನಾಲ್ಕು ದಿನಕ್ಕೆ ಸತ್ವಂತೆ.

ದೇವೀರಿ ಅಲ್ಲೇ ಅಂಗಳದಲ್ಲಿ ಕೂತ್ಳು. ಸಾಕವ್ವ ಬಂದು ಪಕ್ಕದಲ್ಲಿ ಕೂತು, ಮೊದಲ ವರ್ಷ ನಾನೂ ಒಂದು ಮಡಿಲು ಗೂಡು ಬಚ್ಚಿಟ್ಟಿದ್ದೆ ಕಣವ್ವ, ಅವೂ ಹಾರಲಿಲ್ಲ, ಅಂದ್ಳು. ಆಮೇಲೆ, ಇನ್ನು ಹೋಗೋ ಮಾತಿಲ್ಲ, ಇದು ನಿನ್ನ ಮನೆ, ಅಂದ್ಳಂತೆ.

ಆವತ್ತಿಂದ ಇಬ್ರೂ ಒಂದೇ ತಟ್ಟೇಲಿ ಉಂಡ್ರು. ಆಮೇಲೆ ಆ ಮೊಟ್ಟೆ ಒಡೆದ್ವು, ಮರಿಗೆ ಹಸಿವಾಗಿತ್ತು, ದೇವೀರಿ ಕಣ್ಣೊರೆಸ್ಕೊಂಡು ಸೊಪ್ಪು ಹೆಚ್ಚೋಕೆ ಕೂತ್ಳಂತೆ. ಕತೆ ಇಷ್ಟೇ ಮಗಾ, ಮುಗಿದೋಯ್ತು. ಕಣ್ಮುಚ್ಕೋ.