ಪಡಸಾಲೆಯ ಟಿವಿಯಲ್ಲಿ ಸಾಹುಕಾರರ ದನಿ

ಗದಗಿನ ಸಾಹುಕಾರ ವೀರಸಂಗಪ್ಪನವರ ಮನೆಗೆ ಕ್ಯಾಮೆರಾ ಕೂರಿಸಲು ಮಕ್ತುಮ್ ಬಂದಿದ್ದ. ಮನೆಯೆಲ್ಲ ವೈರು ಎಳೆದು ಪಡಸಾಲೆಯ ಟಿವಿಗೆ ಸೇರಿಸಿದ್ದ. ಸಾಹುಕಾರರ ಕಚೇರಿ ಕೋಣೆಯದೊಂದು ಬಾಕಿಯಿತ್ತು. ಅದಕ್ಕೆ ಕೈಹಾಕಿದಾಗ ಸಾಹುಕಾರರು ಒಳಗೆ ಬಂದು ಚಿಲಕ ಹಾಕಿದರು.

"ಇನ್ನೊಂದು ಐತಿ. ಅಡಿಗಿ ಮಾಡೋ ನೀಲವ್ವನ ಕೋಣ್ಯಾಗ ಹಾಕು. ಯಾರಿಗೂ ಕಾಣಬಾರದು."

ಮಕ್ತುಮ್ ವೈರು ಬಿಟ್ಟು ತಿರುಗಿದ. "ಅದು ಹೆಣ್ಣುಮಗಳ ಕೋಣಿರೀ ಧಣಿ..."

"ಹಾಕಲಿಲ್ಲ ಅಂದ್ರ ಈ ಊರಾಗ ನಿನಗ ಒಂದು ಬಲ್ಬ್ ಹಾಕೋ ಕೆಲಸಾನೂ ಸಿಗಂಗಿಲ್ಲ."

ಬಾಗಿಲಾಚೆ ನಾಯಿ ಗುರುಗುಟ್ಟುತ್ತಿತ್ತು. ಮಕ್ತುಮ್ ಮತ್ತೆ ತಿರುಗಿ ತನ್ನ ತಲೆಯ ಮೇಲಿದ್ದ ಕ್ಯಾಮೆರಾಕ್ಕೆ ವೈರು ಚುಚ್ಚಿದ. ಅದರೊಳಗೆ ಮೈಕೂ ಇದೆಯೆಂದು ಸಾಹುಕಾರರಿಗೆ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಅವರ ತಾಯಿಯೂ ಹೆಂಡತಿಯೂ ಟಿವಿಯ ಮುಂದೆಯೇ ಕೂತಿದ್ದರು.

"ನನಗ ಕಿವಿ ಸ್ವಲ್ಪ ಮಂದರೀ. ಯಾರ ಕೋಣ್ಯಾಗ ಅಂದ್ರಿ?" ಮಕ್ತುಮ್ ಕೇಳಿದ.

"ನೀಲವ್ವನ ಕೋಣ್ಯಾಗ! ಆಕಿಗೆ ಗೊತ್ತಾಗದಂಗ!" ಸಾಹುಕಾರರು ಅರಚಿದರು.

ಅದೇ ಅರಚಾಟ ಪಡಸಾಲೆಯಿಂದಲೂ ಕೇಳಿಸಿತು. ಸಾಹುಕಾರರ ಮುಖ ಸುಣ್ಣದಂತಾಯಿತು. ಮರುಗಳಿಗೆ ಯಾರೋ ಬಾಗಿಲು ದಬದಬ ಬಡಿದರು.

"ವೀರಸಂಗ್ಯಾ, ಬಾಗಲಾ ತೆಗಿ!"

"ಅವ್ವ ಬಂದಳು," ಎಂದು ಪಿಸುಗುಟ್ಟುತ್ತ ಸಾಹುಕಾರರು ಮಕ್ತುಮನ ಬೆನ್ನ ಹಿಂದೆ ಸರಿದರು. ಬಾಗಿಲು ತೆಗೆದವನು ಮಕ್ತುಮನೇ.

ಮುದುಕಿ ಮಗನ ಮುಖವನ್ನೂ ನೋಡಲಿಲ್ಲ.

"ತಮ್ಮಾ, ನೀಲವ್ವನ ಕೋಣಿಗೆ ಒಳಗಿಂದ ಒಂದು ಗಟ್ಟಿ ಚಿಲಕ ಹಾಕಿಕೊಡು. ಈ ಕೋಣ್ಯಾಗಿನ ಕ್ಯಾಮೆರಾ ಮಾತ್ರ ಎಂದೂ ಆರಿಸಬ್ಯಾಡ."